‘ಕೆಲವು’ ಅಂದರೆ ಎಷ್ಟು? ಅರ್ಥವನ್ನು ಅಳೆಯುವ ಕಸುಬಿನ ಬಗ್ಗೆ

“ಕೆಲವು ಜಿರಾಫೆಗಳಿಗೆ ಉದ್ದನೆಯ ಕತ್ತಿದೆ.” ಈ ಮಾತು ನಿಜವೋ ಸುಳ್ಳೋ?

ಎಲ್ಲ ಜಿರಾಫೆಗಳ ಕತ್ತೂ ಉದ್ದವೇ ಆಗಿರುವಾಗ ಕೆಲವುಗಳ ಕತ್ತು ಉದ್ದ ಅನ್ನುವುದು ತರ್ಕದ ಲೆಕ್ಕದಲ್ಲಿ ನಿಜ. ಆದರೂ ಕೇಳಿದವರಿಗೆ ಕಸಿವಿಸಿಯಾಗುತ್ತದೆ. ‘ಕೆಲವು’ ಅಂದಮೇಲೆ ಉಳಿದವಕ್ಕೆ ಇಲ್ಲ ಅಂತಲೇ ಕಿವಿಗೆ ಬೀಳುತ್ತದೆ. ಐರಾ ನೋವೆಕ್ ಫ್ರೆಂಚ್ ಮಾತಾಡುವ ಮಕ್ಕಳಿಗೂ ದೊಡ್ಡವರಿಗೂ ಇಂಥ ವಾಕ್ಯಗಳನ್ನು ಕೊಟ್ಟು, ಒಪ್ಪುತ್ತೀರಾ ಇಲ್ಲವಾ ಎಂದು ಕೇಳಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. 7–8 ವರ್ಷದ ಮಕ್ಕಳು ಶೇ. 89ರಷ್ಟು ಸಲ ಒಪ್ಪಿದ್ದರು, 10–11 ವರ್ಷದವರು ಶೇ. 85ರಷ್ಟು ಸಲ. ದೊಡ್ಡವರು ಒಪ್ಪಿದ್ದು ಶೇ. 41 ಮಾತ್ರ. ಚಿಕ್ಕವರು ದೊಡ್ಡವರಿಗಿಂತ ಕಟ್ಟಾ ತಾರ್ಕಿಕರಾಗಿದ್ದರು!

ಪದದ ವಾಚ್ಯಾರ್ಥ ಒಂದು, ಅದನ್ನು ಆಡಿದ ಸಂದರ್ಭದಿಂದ ಹೊಮ್ಮುವ ಅರ್ಥ, ಅಂದರೆ ಧ್ವನಿ, ಇನ್ನೊಂದು ಎಂಬ ಭೇದ ಕಾವ್ಯಮೀಮಾಂಸೆ ಓದಿದ ಕನ್ನಡಿಗರಿಗೆ ಹೊಸದಲ್ಲ. ದಿನಬಳಕೆಯ ಮಾತಿಗೆ ಇದೇ ಬಗೆಯ ಲೆಕ್ಕ ಹಾಕಿದವರು ತತ್ತ್ವಜ್ಞಾನಿ ಪಾಲ್ ಗ್ರೈಸ್. 1967ರ ಉಪನ್ಯಾಸಗಳಲ್ಲಿ ಅವರು ಮಂಡಿಸಿದ ವಾದದ ತಿರುಳು ಇಷ್ಟು: ಕೇಳುಗನು ಮಾತುಗಾರ ಹೇಳಿದ್ದನ್ನು ಮಾತ್ರವಲ್ಲ, ಹೇಳಬಹುದಾಗಿದ್ದೂ ಹೇಳದೆ ಬಿಟ್ಟದ್ದನ್ನೂ ಗಮನಿಸುತ್ತಾನೆ. ‘ಎಲ್ಲ’ ಅನ್ನುವ ಅವಕಾಶವಿದ್ದೂ ‘ಕೆಲವು’ ಅಂದನಲ್ಲ, ಹಾಗಾದರೆ ‘ಎಲ್ಲ’ ಅನ್ನುವುದು ನಿಜವಿರಲಿಕ್ಕಿಲ್ಲ. ಇದು ಕುರ್ಚಿಯಲ್ಲಿ ಕೂತು ಮಾಡಿದ ಸಿದ್ಧಾಂತ. ಅದನ್ನು ಪ್ರಯೋಗಾಲಯಕ್ಕೆ ತಂದು, ಆಮೇಲೆ ಕಂಪ್ಯೂಟರಿಗೂ ಏರಿಸಿದ್ದು ಮುಂದಿನ ತಲೆಮಾರಿನ ಭಾಷಾವಿಜ್ಞಾನಿಗಳು.

ಅಲ್ಲಿಂದ ತೊಡಕು ಶುರು. ಅರ್ಥವನ್ನು ನೇರವಾಗಿ ಅಳೆಯುವ ಯಂತ್ರ ಯಾವುದೂ ಇಲ್ಲ. ಅಳೆಯಲು ಸಿಗುವುದು ಗುಂಡಿ ಒತ್ತಿದ್ದು, ಒತ್ತಲು ಹಿಡಿದ ಹೊತ್ತು, ಕಣ್ಣು ಹೊರಳಿದ ದಿಕ್ಕು, ನೆತ್ತಿಯ ಮೇಲಿನ ಕೆಲವು ಮೈಕ್ರೊವೋಲ್ಟ್ ವಿದ್ಯುತ್ತು. ಇವುಗಳಿಂದ ಅರ್ಥದ ಕಡೆಗೆ ಒಂದು ಸೇತುವೆ ಕಟ್ಟಬೇಕು. ‘ವಾಕ್ಯವನ್ನು ಸುಳ್ಳು ಅಂದವನು ಧ್ವನಿಯನ್ನು ಗ್ರಹಿಸಿದ್ದಾನೆ’ ಅನ್ನುವುದು ಅಂಥದೊಂದು ಸೇತುವೆ. ಪ್ರಯೋಗ ಕೆಡುವುದು ಬಹುಮಟ್ಟಿಗೆ ಇಲ್ಲೇ. ಉಪಕರಣ ಸರಿಯಾಗಿರುತ್ತದೆ, ಸಂಖ್ಯಾಶಾಸ್ತ್ರವೂ ಸರಿ, ಸೇತುವೆ ಮಾತ್ರ ಹುಸಿಯಾಗಿರುತ್ತದೆ.

ನೋವೆಕ್ ಫಲಿತಾಂಶವನ್ನೇ ನೋಡಿ. ಮಕ್ಕಳಿಗೆ ಧ್ವನಿ ತಿಳಿಯುವುದಿಲ್ಲ ಎಂದು ಬಹಳ ಜನ ಅದನ್ನು ಓದಿದರು. 2011ರಲ್ಲಿ ನೆಪೋಲಿಯನ್ ಕಾಟ್ಸೋಸ್ ಮತ್ತು ಡೊರೊತಿ ಬಿಷಪ್ ಪ್ರಶ್ನೆಯನ್ನು ಹಾಗೇ ಇಟ್ಟುಕೊಂಡು ಉತ್ತರದ ಬಗೆಯನ್ನು ಮಾತ್ರ ಬದಲಿಸಿದರು. ಭಾಷೆ ಕಲಿಯುತ್ತಿರುವ ಒಂದು ಕಾರ್ಟೂನ್ ಪಾತ್ರ ಪರದೆಯ ಮೇಲೆ ನಡೆದದ್ದನ್ನು ವಿವರಿಸುತ್ತದೆ, 5–6 ವರ್ಷದ ಮಕ್ಕಳು ಅದು ಸರಿಯೋ ತಪ್ಪೋ ಹೇಳಬೇಕು. ಎಲ್ಲವನ್ನೂ ಎತ್ತಿಕೊಂಡಾಗ ಪಾತ್ರ “ಕೆಲವನ್ನು ಎತ್ತಿಕೊಂಡ” ಅಂದರೆ ಹೆಚ್ಚಿನ ಮಕ್ಕಳು ‘ಸರಿ’ ಅಂದುಬಿಟ್ಟರು. ಹೌದು–ಇಲ್ಲ ಬದಲು ಸಣ್ಣ, ದೊಡ್ಡ, ಭಾರೀ ದೊಡ್ಡ ಎಂಬ ಮೂರು ಸ್ಟ್ರಾಬೆರಿ ಬಹುಮಾನಗಳನ್ನು ಕೊಟ್ಟು, ಪಾತ್ರಕ್ಕೆ ಯಾವುದು ಸಲ್ಲಬೇಕು ಎಂದು ಕೇಳಿದಾಗ ಮಕ್ಕಳು ನಡುವಿನದನ್ನೇ ಆರಿಸಿದರು. ಅಂದರೆ ‘ಕೆಲವು’ ಪೂರ್ತಿ ಸರಿಯೂ ಅಲ್ಲ, ಪೂರ್ತಿ ತಪ್ಪೂ ಅಲ್ಲ ಎಂಬುದು ಅವರಿಗೆ ಚೆನ್ನಾಗಿಯೇ ಗೊತ್ತು. ಅಷ್ಟು ಸಣ್ಣ ಕೊರತೆಗೆ ‘ತಪ್ಪು’ ಅನ್ನುವಷ್ಟು ಬಿಗಿ ಅವರಲ್ಲಿರಲಿಲ್ಲ, ಅಷ್ಟೇ. ಹಿಂದಿನ ಪ್ರಯೋಗ ತಿಳಿವಳಿಕೆಯ ಜೊತೆಗೆ ಔದಾರ್ಯವನ್ನೂ ಅಳೆದಿತ್ತು.

ಎಲ್ಲಿ ಗೆರೆ ಎಳೆಯುತ್ತೀರಿ ಎಂಬ ಪ್ರಶ್ನೆ ಬಿಟ್ಟು, ಯಾವ ಅರ್ಥ ಎಷ್ಟು ಬೇಗ ಹೊಳೆಯುತ್ತದೆ ಎಂದು ಕೇಳಿದರೆ ಹೇಗೆ? ಲೂಯಿಸ್ ಬಾಟ್ ಮತ್ತು ನೋವೆಕ್ 2004ರಲ್ಲಿ “ಕೆಲವು ಆನೆಗಳು ಸಸ್ತನಿಗಳು” ಎಂಬಂಥ ವಾಕ್ಯಗಳಿಗೆ ಉತ್ತರಿಸಲು ಹಿಡಿಯುವ ಹೊತ್ತನ್ನು ಅಳೆದರು. ‘ಸುಳ್ಳು’ ಅನ್ನುವವರಿಗೆ ಹೆಚ್ಚು ಹೊತ್ತು ಬೇಕಾಯಿತು. ಉತ್ತರಕ್ಕೆ 900 ಮಿಲಿಸೆಕೆಂಡಿನ ಗಡುವು ಹಾಕಿದಾಗ ‘ನಿಜ’ ಎಂಬ ಉತ್ತರಗಳು ಏರಿದವು, 3000 ಮಿಲಿಸೆಕೆಂಡ್ ಕೊಟ್ಟಾಗ ಇಳಿದವು. ವಾಚ್ಯಾರ್ಥ ಮೊದಲು, ಧ್ವನಿ ಆಮೇಲೆ, ಅದಕ್ಕೆ ಶ್ರಮವೂ ಬೇಕು ಎಂಬ ಚಿತ್ರ ಮೂಡಿತು.

ಯಿ ಟಿಂಗ್ ಹುವಾಂಗ್ ಮತ್ತು ಜೆಸ್ಸಿ ಸ್ನೆಡೆಕರ್ 2009ರಲ್ಲಿ ಇದನ್ನೇ ಕಣ್ಣಿನ ಚಲನೆಯಿಂದ ನೋಡಿದರು. ಅವರು ಹೂಡಿದ ಉಪಾಯ ಸೊಗಸಾಗಿದೆ. ಎದುರಿಗಿರುವ ಚಿತ್ರದಲ್ಲಿ ಒಬ್ಬ ಹುಡುಗಿಯ ಬಳಿ ಒಟ್ಟು ಕಾಲುಚೀಲಗಳಲ್ಲಿ ಕೆಲವಷ್ಟೇ ಇವೆ, ಇನ್ನೊಬ್ಬಳ ಬಳಿ ಎಲ್ಲ ಸಾಕರ್ ಚೆಂಡುಗಳೂ ಇವೆ. “ಕೆಲವು ... ಇರುವ ಹುಡುಗಿಯನ್ನು ತೋರಿಸಿ” ಎಂಬ ಇಂಗ್ಲಿಷ್ ಆದೇಶ ಕಿವಿಗೆ ಬೀಳುತ್ತಿದೆ. ‘ಸಾಕ್ಸ್’, ‘ಸಾಕರ್’ ಎರಡೂ ‘ಸಾಕ್’ ಎಂದೇ ಶುರುವಾಗುವುದರಿಂದ ವಸ್ತುವಿನ ಹೆಸರು ಮುಗಿಯುವತನಕ ಅದರಿಂದ ಸುಳಿವಿಲ್ಲ. ‘ಕೆಲವು’ ಕೇಳಿದ ಕೂಡಲೇ ‘ಎಲ್ಲ ಅಲ್ಲ’ ಎಂದು ಹೊಳೆದಿದ್ದರೆ ಕಣ್ಣು ಆಗಲೇ ಮೊದಲ ಹುಡುಗಿಯತ್ತ ಹೊರಳಬೇಕು. ಹೊರಳಲಿಲ್ಲ, ತಡವಾಯಿತು. ‘ಎರಡು’, ‘ಮೂರು’, ‘ಎಲ್ಲ’ ಎಂಬ ಪದಗಳಿಗೆ ಆ ತಡವಿರಲಿಲ್ಲ.

ಮರುವರ್ಷವೇ ಡೇನಿಯಲ್ ಗ್ರಾಡ್ನರ್ ಮತ್ತು ಸಂಗಡಿಗರು ಹೆಚ್ಚುಕಡಿಮೆ ಅದೇ ಬಗೆಯ ಪ್ರಯೋಗ ಮಾಡಿ, ತಡ ಕಾಣಿಸಲಿಲ್ಲ ಎಂದು ವರದಿ ಮಾಡಿದರು. ಎರಡಕ್ಕೂ ಇದ್ದ ಒಂದು ಮುಖ್ಯ ವ್ಯತ್ಯಾಸವೆಂದರೆ ಗ್ರಾಡ್ನರ್ ತಂಡದ ವಾಕ್ಯಗಳಲ್ಲಿ ಸಂಖ್ಯಾಪದಗಳೇ ಇರಲಿಲ್ಲ. ಎರಡು ವಸ್ತು ಕಂಡಾಗ ‘ಎರಡು’ ಅನ್ನುವ ಮಾತುಗಾರ ಅದೇ ಪ್ರಯೋಗದಲ್ಲಿ ಪದೇ ಪದೇ ಕೇಳಿಸುತ್ತಿದ್ದರೆ, ಅಲ್ಲಿಗೆ ‘ಕೆಲವು’ ಅನ್ನುವುದು ಸ್ವಲ್ಪ ವಿಚಿತ್ರವಾಗುತ್ತದೆ, ತಡ ಅದರಿಂದಲೂ ಬಂದಿರಬಹುದು. ಜುಡಿತ್ ಡೇಗನ್ ಮತ್ತು ಮೈಕೆಲ್ ಟ್ಯಾನನ್‌ಹೌಸ್ ಈ ಎಳೆ ಹಿಡಿದು, ಸಂಖ್ಯಾಪದಗಳು ಕೈಗೆಟಕುವಂತಿದ್ದರೆ ಸಣ್ಣ ಗುಂಪುಗಳಿಗೆ ‘ಕೆಲವು’ ಸಹಜವೆನಿಸುವುದಿಲ್ಲ ಎಂದು ತೋರಿಸಿದರು. ಪ್ರಯೋಗದೊಳಗಿನ ಉಳಿದ ವಾಕ್ಯಗಳೂ ಆ ಪ್ರಯೋಗದ ಸಂದರ್ಭವೇ. ಹೊಸಬರು ಇದನ್ನು ಮರೆಯುವಷ್ಟು ಬೇರೇನನ್ನೂ ಮರೆಯುವುದಿಲ್ಲ.

‘ಕೆಲವು–ಎಲ್ಲ’ ಜೋಡಿಯನ್ನೇ ಇಷ್ಟು ವರ್ಷ ಜಗ್ಗಿದ್ದರಿಂದ ಬೇರೊಂದು ಭ್ರಮೆಯೂ ಬೆಳೆದಿತ್ತು: ಎಲ್ಲ ಜೋಡಿಗಳೂ ಹೀಗೇ ಇರುತ್ತವೆ ಎಂಬುದು. ಬಾಬ್ ವಾನ್ ಟೀಲ್ ಮತ್ತು ಸಂಗಡಿಗರು 2016ರಲ್ಲಿ 43 ಜೋಡಿಗಳನ್ನು ಒಟ್ಟಿಗೆ ಪರೀಕ್ಷಿಸಿದಾಗ, ದುರ್ಬಲ ಪದ (‘ಕೆಲವು’ ಇದ್ದಂತೆ) ಕೇಳಿ ‘ಪ್ರಬಲ ಪದ (‘ಎಲ್ಲ’ ಇದ್ದಂತೆ) ಸಲ್ಲದು’ ಎಂದು ತೀರ್ಮಾನಿಸಿದವರ ಪ್ರಮಾಣ ಶೇ. 4ರಿಂದ ಶೇ. 100ರವರೆಗೆ ಹರಡಿತ್ತು. ‘ಕೆಲವು’ ಇದ್ದದ್ದು ಮೇಲ್ತುದಿಯಲ್ಲಿ. ಡೇಗನ್ 2015ರಲ್ಲಿ ದೂರವಾಣಿ ಸಂಭಾಷಣೆಗಳ ಸಂಗ್ರಹದಿಂದ ‘ಕೆಲವು’ಗೆ ಸಮನಾದ ಇಂಗ್ಲಿಷ್ ಪದವಿರುವ 1363 ಮಾತುಗಳನ್ನು ತೆಗೆದು, ಅಲ್ಲಿ ‘ಕೆಲವು, ಎಲ್ಲ ಅಲ್ಲ’ ಎಂದು ಬದಲಿಸಿದರೆ ಅರ್ಥ ಎಷ್ಟು ಹತ್ತಿರವಿರುತ್ತದೆ ಎಂದು 1ರಿಂದ 7ರ ಅಳತೆಯಲ್ಲಿ ಅಂಕ ಹಾಕಿಸಿದರು. ಅಂಕಗಳು ತುದಿಯಿಂದ ತುದಿಗೆ ಚೆಲ್ಲಾಡಿದ್ದವು. ಪಠ್ಯಪುಸ್ತಕದ ವಾಕ್ಯಗಳಲ್ಲಿ ಅಷ್ಟು ಗಟ್ಟಿಯಾಗಿ ಕೇಳುವ ಧ್ವನಿ, ಜನರ ನಿಜವಾದ ಮಾತಿನಲ್ಲಿ ಎಷ್ಟೋ ಕಡೆ ಕ್ಷೀಣ.

ಇನ್ನು ಇಂಥ ಪ್ರಯೋಗವೊಂದನ್ನು ಕಟ್ಟುವ ಕೆಲಸ. ಎರಡು ಅಂಶ, ಒಂದೊಂದಕ್ಕೆ ಎರಡು ಮಟ್ಟ (ಪದ ‘ಕೆಲವು’ ಅಥವಾ ‘ಎಲ್ಲ’, ವಾಕ್ಯ ನಿಜ ಅಥವಾ ಸುಳ್ಳು ಎಂಬಂತೆ) ಎಂದಿಟ್ಟುಕೊಂಡರೆ ನಾಲ್ಕು ಸನ್ನಿವೇಶಗಳಾಗುತ್ತವೆ. 24 ವಾಕ್ಯಕುಟುಂಬ ಬರೆಯುತ್ತೀರಿ, ಪ್ರತಿ ಕುಟುಂಬದಲ್ಲೂ ನಾಲ್ಕು ರೂಪ. ಒಬ್ಬನೇ ಓದುಗ ಒಂದು ಕುಟುಂಬದ ಎರಡು ರೂಪಗಳನ್ನು ನೋಡಿದರೆ ಎರಡನೆಯದು ಹಳಸಲು. ಆದ್ದರಿಂದ ನಾಲ್ಕು ಪಟ್ಟಿಗಳಾಗಿ ಸರದಿಯಂತೆ ಹಂಚಬೇಕು: ಒಂದು ಪಟ್ಟಿಯಲ್ಲಿ ಪ್ರತಿ ಕುಟುಂಬದಿಂದ ಒಂದೇ ರೂಪ, ಪ್ರತಿ ಸನ್ನಿವೇಶಕ್ಕೆ ಆರು ವಾಕ್ಯ. ಭಾಗವಹಿಸುವವರ ಸಂಖ್ಯೆ ನಾಲ್ಕರಿಂದ ಭಾಗವಾಗುವಂತಿರಲಿ. ಇಷ್ಟನ್ನೇ ತೋರಿಸಿದರೆ ಜನ ಹತ್ತನೇ ವಾಕ್ಯದ ಹೊತ್ತಿಗೆ ಆಟ ಹಿಡಿದುಬಿಡುತ್ತಾರೆ. ಹಾಗಾಗಿ ಕನಿಷ್ಠ ಅಷ್ಟೇ, ಸಾಧ್ಯವಾದರೆ ಎರಡರಷ್ಟು, ಸಂಬಂಧವಿಲ್ಲದ ವಾಕ್ಯಗಳನ್ನು ನಡುನಡುವೆ ಬೆರೆಸಬೇಕು. ಪರೀಕ್ಷೆಯ ವಾಕ್ಯಗಳಿಗೆಲ್ಲ ಸರಿಯುತ್ತರ ‘ಹೌದು’ ಆಗಿದ್ದರೆ, ಬೆರೆಸಿದವು ‘ಇಲ್ಲ’ದ ಕಡೆ ತೂಗಿ ಒಟ್ಟು ಸಮವಾಗಬೇಕು. ಇಲ್ಲದಿದ್ದರೆ ಓದದೆಯೇ ‘ಹೌದು’ ಒತ್ತುತ್ತ ಹೋಗುವವನು ಪಾಸಾಗುತ್ತಾನೆ.

ಪರದೆಯ ಮೇಲೆ ಒಂದೊಂದೇ ಪದ ತೋರಿಸಿ, ಓದುಗ ಗುಂಡಿ ಒತ್ತಿದಾಗ ಮುಂದಿನ ಪದ ಬರುವ ವಿಧಾನಕ್ಕೆ ಪ್ರಯೋಗಾಲಯವೂ ಬೇಕಿಲ್ಲ. ಸೈಕೋಪೈ, ಜೆಎಸ್‌ಸೈಕ್, ಪಿಸಿ ಐಬೆಕ್ಸ್‌ನಂಥ ಉಚಿತ ತಂತ್ರಾಂಶಗಳಲ್ಲಿ ಮನೆಯ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಅದರ ಒಂದು ಕೆಟ್ಟ ಗುಣ ಎಂದರೆ ತೊಡಕಾದ ಪದದ ಮೇಲೆ ಆಗಬೇಕಾದ ನಿಧಾನ ಆಗಾಗ ಅದರ ಮುಂದಿನ ಪದದ ಮೇಲೆ ಸುರಿಯುತ್ತದೆ. ಬೆರಳು ಮುಂದೆ ಓಡಿರುತ್ತದೆ, ತಲೆ ಹಿಂದೆ ಉಳಿದಿರುತ್ತದೆ. ಅದಕ್ಕಾಗಿ ಪರೀಕ್ಷಾ ಪದದ ಆಚೆ ಇನ್ನೂ ಎರಡು ಮೂರು ಪದ, ಎಲ್ಲ ಸನ್ನಿವೇಶಗಳಲ್ಲೂ ಅಕ್ಷರಶಃ ಒಂದೇ ಆಗಿರುವಂಥವು, ಇರಲೇಬೇಕು. ಕನ್ನಡದಲ್ಲಿ ಇದನ್ನು ಮಾಡಹೊರಟವರಿಗೆ ಇಲ್ಲೇ ಮೊದಲ ಗೋಡೆ ಎದುರಾಗುತ್ತದೆ. ನಮ್ಮ ವಾಕ್ಯದ ಹುರುಳೆಲ್ಲ ಕ್ರಿಯಾಪದದಲ್ಲಿ, ಕ್ರಿಯಾಪದ ಕೊನೆಯಲ್ಲಿ. ‘ಬಂದಿರಲಿಲ್ಲವಂತೆ’ ಎಂಬ ಒಂದೇ ಪದದಲ್ಲಿ ಕಾಲ, ನಿಷೇಧ, ‘ಹಾಗಂತ ಕೇಳಿದೆ’ ಎಂಬ ಸೂಚನೆ ಎಲ್ಲವೂ ತುಂಬಿಕೊಂಡಿವೆ. ಆ ಪದದ ಮೇಲೆ ಓದುಗ ನಿಧಾನಿಸಿದರೆ ಯಾವುದಕ್ಕಾಗಿ ನಿಧಾನಿಸಿದ ಎಂದು ಹೇಳುವುದು ಹೇಗೆ? ಅದರ ಮೇಲೆ, ವಾಕ್ಯದ ಕೊನೆಯ ಪದದಲ್ಲಿ ಎಲ್ಲರೂ ತಾವಾಗಿಯೇ ಸ್ವಲ್ಪ ನಿಲ್ಲುತ್ತಾರೆ. ಇರುವ ದಾರಿ ಎಂದರೆ ವಾಕ್ಯವನ್ನು ‘... ಎಂದು ಗೆಳತಿ ನಿನ್ನೆ ಹೇಳಿದಳು’ ಎಂಬಂತೆ ಇನ್ನೊಂದರೊಳಗೆ ಹುದುಗಿಸಿ ಮುಂದೆ ಜಾಗ ಮಾಡಿಕೊಳ್ಳುವುದು. ಆಮೇಲೆ ‘ಎಂದು’ ತರುವ ಹೊಸ ಭಾರದ ಲೆಕ್ಕವನ್ನೂ ಇಡುವುದು.

ಹುವಾಂಗ್–ಸ್ನೆಡೆಕರ್ ಉಪಾಯವನ್ನೂ ಹಾಗೇ ಎತ್ತಿ ತರಲಾಗದು. ‘ಕಾಲುಚೀಲಗಳಲ್ಲಿ ಕೆಲವು’ ಎನ್ನುವಾಗ ನಮ್ಮಲ್ಲಿ ವಸ್ತುವಿನ ಹೆಸರು ಮೊದಲೇ ಬಂದುಬಿಡುತ್ತದೆ. ‘ಕೆಲವು’ ಕೇಳುವ ಹೊತ್ತಿಗೆ ಕಣ್ಣಿಗೆ ಹುಡುಗಿ ಯಾರೆಂದು ಗೊತ್ತಾಗಿರುತ್ತದೆ. ‘ಕೆಲವು ಕಾಲುಚೀಲಗಳು’ ಎಂದರೆ ಕ್ರಮ ಸರಿಹೋಗುತ್ತದೆ, ಆದರೆ ಒಟ್ಟಿನಲ್ಲಿ ಒಂದು ಭಾಗ ಎಂಬ ಸೂಚನೆ ಸಡಿಲವಾಗುತ್ತದೆ. ಅದೇ ಸೂಚನೆಯ ಮೇಲೆಯೇ ಧ್ವನಿ ನಿಂತಿರುವುದು.

ಅಂಕಿಗಳು ಬಂದ ಮೇಲಿನ ಕೆಲಸದ ಬಗ್ಗೆ ಒಂದೇ ಮಾತು. ಹರ್ಬರ್ಟ್ ಕ್ಲಾರ್ಕ್ 1973ರಲ್ಲೇ ಎಚ್ಚರಿಸಿದ್ದರು: ನೀವು ಆರಿಸಿದ್ದು ಭಾಷೆಯ ಅಸಂಖ್ಯ ವಾಕ್ಯಗಳಲ್ಲಿ 24 ಮಾತ್ರ, ಓದುಗರು ಬದಲಾದರೂ ಫಲಿತಾಂಶ ನಿಲ್ಲಬೇಕು, ವಾಕ್ಯಗಳು ಬದಲಾದರೂ ನಿಲ್ಲಬೇಕು. ಇವತ್ತು ಓದುಗರನ್ನೂ ವಾಕ್ಯಗಳನ್ನೂ ಒಟ್ಟಿಗೆ ಯಾದೃಚ್ಛಿಕ ಅಂಶಗಳೆಂದು, ಅಂದರೆ ದೊಡ್ಡ ರಾಶಿಯಿಂದ ಎತ್ತಿಕೊಂಡ ಕೆಲವೆಂದು, ಹಿಡಿಯುವ ಸಂಖ್ಯಾಶಾಸ್ತ್ರದ ಮಿಶ್ರ ಮಾದರಿಗಳು ಆ ಕೆಲಸ ಮಾಡುತ್ತವೆ. ಯಾರ ಉತ್ತರಗಳನ್ನು ಕೈಬಿಡುತ್ತೇವೆ, ಎಷ್ಟು ಮಿಲಿಸೆಕೆಂಡಿಗಿಂತ ಹೆಚ್ಚಿನದನ್ನು ಕತ್ತರಿಸುತ್ತೇವೆ ಎಂಬುದನ್ನು ಅಂಕಿ ನೋಡುವ ಮೊದಲೇ ಬರೆದಿಡಬೇಕು. ನೋಡಿದ ಮೇಲೆ ಎಲ್ಲರ ಕತ್ತರಿಯೂ ತಮಗೆ ಬೇಕಾದ ಕಡೆಗೇ ಹೋಗುತ್ತದೆ.

ಈಗ ನಿಷೇಧದ ಕಡೆ ಬರೋಣ. ಅರ್ಥದ ಅಧ್ಯಯನದಲ್ಲಿ ಇದಕ್ಕಿಂತ ಚೆನ್ನಾಗಿ ಮಿದುಳು, ಕಂಪ್ಯೂಟರ್ ಎರಡನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸುವ ವಿಷಯ ಕಡಿಮೆ.

ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ 1980ರಲ್ಲಿ, ಬಿಸಿ ಬ್ರೆಡ್ಡಿಗೆ ಕಾಲುಚೀಲ ಸವರಿದ ಎಂಬರ್ಥದ ವಾಕ್ಯಗಳನ್ನು ಓದಿಸಿ ಇಇಜಿ (ನೆತ್ತಿಯ ಮೇಲೆ ಸಿಗುವ ಮಿದುಳಿನ ವಿದ್ಯುತ್ತಿನ ಅಲೆ) ದಾಖಲಿಸಿದ್ದರು. ಹೊಂದದ ಪದ ಕಂಡ ಸುಮಾರು 400 ಮಿಲಿಸೆಕೆಂಡಿಗೆ ಅಲೆ ಋಣಾತ್ಮಕ (ನೆಗೆಟಿವ್) ದಿಕ್ಕಿಗೆ ವಾಲುತ್ತದೆ. ಅದಕ್ಕೇ ಎನ್400 ಎಂಬ ಹೆಸರು. ಒಂದೇ ಸಲದ ದಾಖಲೆಯಲ್ಲಿ ಇದು ಕಾಣುವುದಿಲ್ಲ. ಮಿದುಳಿನ ಉಳಿದ ಗದ್ದಲದಲ್ಲಿ ಕೆಲವೇ ಮೈಕ್ರೊವೋಲ್ಟಿನ ವ್ಯತ್ಯಾಸ ಮುಳುಗಿರುತ್ತದೆ. ಒಂದೊಂದು ಸನ್ನಿವೇಶಕ್ಕೂ ಹತ್ತಾರು ವಾಕ್ಯ ಓದಿಸಿ ಸರಾಸರಿ ತೆಗೆದಾಗಲಷ್ಟೇ ಮೇಲೆ ಬರುತ್ತದೆ. ರೆಪ್ಪೆ ಬಡಿದರೆ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಅಲೆ ಎದ್ದು ಆ ತುಣುಕನ್ನು ಕೆಡಿಸುತ್ತದೆ.

1983ರಲ್ಲಿ ಇರಾ ಫಿಶ್ಲರ್ ಮತ್ತು ಸಂಗಡಿಗರು ಈ ಅಲೆಯನ್ನು ನಿಷೇಧದ ಮೇಲೆ ಪ್ರಯೋಗಿಸಿದರು. ‘ರಾಬಿನ್ ಒಂದು ಹಕ್ಕಿ’, ‘ರಾಬಿನ್ ಒಂದು ಮರ’, ‘ರಾಬಿನ್ ಹಕ್ಕಿಯಲ್ಲ’, ‘ರಾಬಿನ್ ಮರವಲ್ಲ’ ಎಂಬರ್ಥದ ನಾಲ್ಕು ಇಂಗ್ಲಿಷ್ ವಾಕ್ಯಗಳು. ಅಲೆ ಸತ್ಯ–ಸುಳ್ಳನ್ನು ಹಿಡಿಯುವುದಾದರೆ ‘ಹಕ್ಕಿ’ ಮತ್ತು ‘ಮರವಲ್ಲ’ ಒಂದು ಕಡೆ ನಿಲ್ಲಬೇಕು, ಎರಡೂ ನಿಜ ತಾನೆ. ಆದರೆ ‘ಮರ’ ಎಂಬ ಪದ ವಾಕ್ಯ ನಿಜವಿರಲಿ ಸುಳ್ಳಿರಲಿ ದೊಡ್ಡ ಅಲೆ ಎಬ್ಬಿಸಿತು, ‘ಹಕ್ಕಿ’ ಎರಡೂ ಕಡೆ ಸಣ್ಣದು. ‘ಅಲ್ಲ’ ಎಂಬುದು ಅಲೆಗೆ ಕೇಳಿಸಲೇ ಇಲ್ಲವೇನೋ ಎಂಬಂತೆ! ಇದನ್ನು ಓದಿ ಮಿದುಳು ನಿಷೇಧವನ್ನು ತಡವಾಗಿ ಗ್ರಹಿಸುತ್ತದೆ ಎಂದು ಬರೆದವರುಂಟು. ಮಾಂಟೆ ನ್ಯೂಲ್ಯಾಂಡ್ ಮತ್ತು ಜೀನಾ ಕ್ಯುಪರ್‌ಬರ್ಗ್ 2008ರಲ್ಲಿ ಬೇರೆಯೇ ಪ್ರಶ್ನೆ ಎತ್ತಿದರು: ರಾಬಿನ್ ಮರವಲ್ಲ ಎಂದು ಯಾರಾದರೂ ಯಾವಾಗಾದರೂ ಹೇಳುತ್ತಾರೆಯೇ? ನಿಷೇಧ ಹೇಳಲು ಕಾರಣವಿರುವ ಸಂದರ್ಭ ಕಟ್ಟಿಕೊಟ್ಟಾಗ (ಸರಿಯಾದ ಸಲಕರಣೆಯಿದ್ದರೆ ನೀರಿನಾಳಕ್ಕೆ ಇಳಿಯುವುದು ಅಷ್ಟೇನೂ ಅಪಾಯವಲ್ಲ ಎಂಬಂತೆ) ಅಲೆ ನಿಷೇಧಕ್ಕೂ ಒಡನೆಯೇ ಸ್ಪಂದಿಸಿತು. ಅಲ್ಲಿಯೂ ಅಸಹಜ ವಾಕ್ಯವೇ ಫಲಿತಾಂಶವನ್ನು ಹೆತ್ತಿತ್ತು.

ಸರಿಸುಮಾರು ನಾಲ್ಕು ದಶಕ ಕಳೆದು 2020ರಲ್ಲಿ ಆ್ಯಲಿಸನ್ ಎಟಿಂಗರ್ ಫಿಶ್ಲರ್ ಅವರ ಅದೇ ವಾಕ್ಯಗಳನ್ನು ಬರ್ಟ್ ಎಂಬ ಭಾಷಾ ಮಾದರಿಯ ಮುಂದಿಟ್ಟರು. ಕೊನೆಯ ಪದ ಮುಚ್ಚಿ, ಇಲ್ಲೇನು ಬರುತ್ತದೆ ಎಂದು ಊಹಿಸುವುದು ಅದರ ಕೆಲಸ. ‘ರಾಬಿನ್ ಒಂದು ...’ ಎಂದರೆ ಹಕ್ಕಿ ಅಂದಿತು. ‘ರಾಬಿನ್ ಅಲ್ಲ ಒಂದು ...’ ಎಂಬ ಇಂಗ್ಲಿಷ್ ಕ್ರಮದ ವಾಕ್ಯಕ್ಕೂ ಹಕ್ಕಿ ಎಂದೇ ಅಂದಿತು. ಮಿದುಳಿನ ಅಲೆಯ ಹಾಗೆಯೇ ವರ್ತಿಸಿತಲ್ಲ ಎಂದು ಇದನ್ನು ಹೊಗಳುವುದು ಸಲ್ಲದು. ಮನುಷ್ಯನ ಅಲೆ ಏನೇ ಹೇಳಲಿ, ಅವನನ್ನು ಕೇಳಿದರೆ ರಾಬಿನ್ ಹಕ್ಕಿಯಲ್ಲ ಎಂಬುದು ಸುಳ್ಳೆಂದು ಸರಿಯಾಗಿ ಹೇಳುತ್ತಾನೆ. ಮಾದರಿಗೆ ಆ ಎರಡನೆಯ ದಾರಿಯಿದೆಯೇ ಎಂಬುದು ಬೇರೆಯದೇ ಪರೀಕ್ಷೆ.

ಗಮನಿಸಿ, ಮೇಲಿನ ಇಡೀ ಸರಣಿ ‘ಅಲ್ಲ’ ಎಂಬುದು ಹೆಸರಿಗಿಂತ ಮೊದಲು ಬರುವ ಭಾಷೆಯಲ್ಲಿ ಮಾತ್ರ ಸಾಧ್ಯ. ಕನ್ನಡದ ಓದುಗನಿಗೆ ‘ಮರ’ ತಲುಪಿದಾಗ ನಿಷೇಧ ಬರುತ್ತದೋ ಇಲ್ಲವೋ ಗೊತ್ತೇ ಇರುವುದಿಲ್ಲ. ಅದರ ಮೇಲೆ ‘ಮರವಲ್ಲ’ ಎಂದು ಎರಡೂ ಬೆಸೆದು ಒಂದೇ ಪದವಾಗಿರುತ್ತದೆ.

ಕ್ರಿಯೆಗೆ ಸೇರಿ ಕೊನೆಯಲ್ಲಿ ಬರುವ ಈ ನಿಷೇಧವೇ ಒಂದು ಪ್ರಯೋಗದಲ್ಲಿ ಕನ್ನಡವನ್ನು ಅನಿವಾರ್ಯ ಮಾಡಿತು. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ‘ಎರಡು ಹಕ್ಕಿ ಹಿಡಿಯಲಿಲ್ಲ’ ಎಂಬ ಮಾದರಿಯ ವಾಕ್ಯಕ್ಕೆ ಎರಡರ್ಥ. ಎರಡು ಹಕ್ಕಿ ಹಿಡಿದ ಎಂಬುದು ನಡೆಯಲಿಲ್ಲ ಅನ್ನುವುದು ಒಂದು. ಹಿಡಿಯದೆ ಬಿಟ್ಟ ಹಕ್ಕಿ ಎರಡಿವೆ ಅನ್ನುವುದು ಇನ್ನೊಂದು. ಈ ಎರಡನ್ನು ಬೇರ್ಪಡಿಸುವ ಕಥೆ ಕಟ್ಟುವುದೇ ಕೌಶಲ. ಇರುವ ಹಕ್ಕಿ ಎರಡು, ಹಿಡಿದದ್ದು ಒಂದು ಎಂದಿಟ್ಟುಕೊಳ್ಳಿ: ಮೊದಲರ್ಥದಲ್ಲಿ ವಾಕ್ಯ ನಿಜ, ಎರಡನೆಯದರಲ್ಲಿ ಸುಳ್ಳು, ಏಕೆಂದರೆ ತಪ್ಪಿಸಿಕೊಂಡದ್ದು ಒಂದೇ. ಇರುವ ಹಕ್ಕಿ ನಾಲ್ಕು, ಹಿಡಿದದ್ದು ಎರಡು ಎಂದಿಟ್ಟುಕೊಂಡರೆ ಲೆಕ್ಕ ತಲೆಕೆಳಗು. ಆಟಿಕೆಗಳಿಂದ ಕಥೆ ಆಡಿ ತೋರಿಸಿ, ಕೊನೆಗೆ ಒಂದು ಗೊಂಬೆಯ ಕೈಲಿ ವಾಕ್ಯ ಹೇಳಿಸಿ, ಗೊಂಬೆ ಹೇಳಿದ್ದು ಸರಿಯಾ ಎಂದು ಮಗುವನ್ನು ಕೇಳುತ್ತಾರೆ. ಗೊಂಬೆಯನ್ನು ತಿದ್ದಲು ಮಕ್ಕಳಿಗೆ ಸಂಕೋಚವಿಲ್ಲ, ದೊಡ್ಡವರನ್ನಾದರೆ ಹಿಂಜರಿಯುತ್ತಾರೆ.

ಇಂಗ್ಲಿಷಿನ ನಾಲ್ಕು ವರ್ಷದ ಮಕ್ಕಳು ಮೊದಲರ್ಥಕ್ಕೇ ಅಂಟಿಕೊಂಡರು, ದೊಡ್ಡವರು ಎರಡನ್ನೂ ಒಪ್ಪಿದರು. ಮಕ್ಕಳು ಹೀಗೇಕೆ? ಇಂಗ್ಲಿಷಿನಲ್ಲಿ ನಿಷೇಧಪದ ಸಂಖ್ಯಾಪದಕ್ಕಿಂತ ಮೊದಲು ಬರುತ್ತದೆ, ವಾಕ್ಯರಚನೆಯ ಮರದಲ್ಲಿ (ಯಾವ ಪದ ಯಾವುದರೊಳಗೆ ಕೂಡಿದೆ ಎಂದು ತೋರಿಸುವ ಕವಲುಚಿತ್ರದಲ್ಲಿ) ಅದಕ್ಕಿಂತ ಮೇಲೂ ಇರುತ್ತದೆ. ಮಕ್ಕಳು ಕಿವಿಗೆ ಬಿದ್ದ ಸಾಲನ್ನು ಅನುಸರಿಸಿದರೋ, ಒಳಗಿನ ರಚನೆಯನ್ನೋ ಹೇಳಲಾಗದು. ಕನ್ನಡದಲ್ಲಿ ಇವೆರಡೂ ಬೇರೆಯಾಗುತ್ತವೆ: ‘ಎರಡು’ ಮೊದಲು ಕೇಳುತ್ತದೆ, ‘ಇಲ್ಲ’ ಕೊನೆಗೆ. ರಚನೆಯಲ್ಲಿ ಮಾತ್ರ ಇಲ್ಲಿಯೂ ನಿಷೇಧವೇ ಮೇಲೆ. ಸಾಲನ್ನು ಅನುಸರಿಸುವುದಾದರೆ ಕನ್ನಡದ ಮಕ್ಕಳು ಎರಡನೆಯ ಅರ್ಥಕ್ಕೆ ವಾಲಬೇಕಿತ್ತು. ವಾಲಲಿಲ್ಲ. ಇಂಗ್ಲಿಷಿನ ಮಕ್ಕಳಂತೆಯೇ ಮೊದಲರ್ಥವನ್ನು ಹಿಡಿದರು. ಅಂದರೆ ಆ ವಯಸ್ಸಿಗೇ ವಾಕ್ಯ ಅವರಿಗೆ ಬರೀ ಪದಗಳ ಸಾಲಲ್ಲ. ಇಂಥದೇ ವಾಕ್ಯಗಳನ್ನು ಕನ್ನಡದಲ್ಲಿ ಬರೆಯುವವರು ವಿಭಕ್ತಿಯ ಮೇಲೆ ಕಣ್ಣಿಡಬೇಕು. ‘ಪುಸ್ತಕ ಓದಲಿಲ್ಲ’ ಅನ್ನುವುದಕ್ಕೂ ‘ಪುಸ್ತಕವನ್ನು ಓದಲಿಲ್ಲ’ ಅನ್ನುವುದಕ್ಕೂ ಇರುವ ಅಂತರ ಬರೀ ಶೈಲಿಯದಲ್ಲ. ‘ಅನ್ನು’ ಬಂದರೆ ಯಾವುದೋ ಒಂದು ನಿರ್ದಿಷ್ಟ ಪುಸ್ತಕ ಎಂಬ ಅರ್ಥ ತೆರೆದುಕೊಳ್ಳುತ್ತದೆ. ಅರ್ಧ ವಾಕ್ಯಗಳಲ್ಲಿ ‘ಅನ್ನು’ ಇದ್ದು ಇನ್ನರ್ಧದಲ್ಲಿ ಇಲ್ಲದಿದ್ದರೆ ಪ್ರಯೋಗ ಅಳೆಯುವುದು ನಿಷೇಧವನ್ನಲ್ಲ, ವಿಭಕ್ತಿಯನ್ನು.

ಲಿಡ್ಜ್ ಮುಂದೆ ಹೆನ್ರಿ ಮತ್ತು ಲೈಲಾ ಗ್ಲೈಟ್‌ಮನ್ ಅವರ ಜೊತೆ 2003ರಲ್ಲಿ ‘-ಇಸು’ ಪ್ರತ್ಯಯವನ್ನೂ ಪರೀಕ್ಷಿಸಿದರು. ‘ಸಿಂಹ ಕುದುರೆಯನ್ನು ಕುಣಿಯುತ್ತದೆ’, ‘ಕುದುರೆ ಕುಣಿಸುತ್ತದೆ’ ಎಂಬಂಥ ಎಡವಟ್ಟು ವಾಕ್ಯಗಳನ್ನು ಹೇಳಿ ಗೊಂಬೆಗಳಿಂದ ಆಡಿ ತೋರಿಸು ಎಂದರೆ ಮೂರು ವರ್ಷದ ಮಗು ಏನು ಮಾಡುತ್ತದೆ? ಬೇರೊಬ್ಬರಿಂದ ಮಾಡಿಸುವುದನ್ನು ಹೇಳಲು ಕನ್ನಡದಲ್ಲಿ ‘-ಇಸು’ಗಿಂತ ನೆಚ್ಚಬಹುದಾದ ಗುರುತಿಲ್ಲ. ಆದರೂ ಮಕ್ಕಳು ಅದನ್ನು ಕಡೆಗಣಿಸಿ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನೇ ನೆಚ್ಚಿದರು. ದೊಡ್ಡವರು ಮಾತ್ರ ‘-ಇಸು’ವಿಗೂ ಬೆಲೆ ಕೊಟ್ಟರು. ಕೇಳಿದ್ದನ್ನು ಲೆಕ್ಕವಿಟ್ಟು ಕಲಿಯುವುದಷ್ಟೇ ಭಾಷಾಕಲಿಕೆ ಎನ್ನುವವರಿಗೆ ಇದು ಇವತ್ತಿಗೂ ನುಂಗಲಾರದ ತುತ್ತು.

ಕಂಪ್ಯೂಟರಿನ ಕಡೆ ಎರಡು ಬಗೆಯ ಕೆಲಸ ನಡೆಯುತ್ತದೆ, ಎರಡನ್ನೂ ಬೆರೆಸಬಾರದು. ಒಂದು, ಸಿದ್ಧಾಂತವನ್ನೇ ಲೆಕ್ಕವಾಗಿ ಬರೆಯುವುದು. ಗ್ರೈಸ್ ವಾದಕ್ಕೆ ಮೈಕೆಲ್ ಫ್ರ್ಯಾಂಕ್ ಮತ್ತು ನೋವಾ ಗುಡ್‌ಮನ್ 2012ರಲ್ಲಿ ಕೊಟ್ಟ ರೂಪ ಕಾಗದದ ಮೇಲೆ ಮಾಡುವಷ್ಟು ಸರಳ. ಎದುರಿಗೆ ಮೂರು ವಸ್ತು: ನೀಲಿ ಚೌಕ, ನೀಲಿ ವೃತ್ತ, ಹಸಿರು ಚೌಕ. ಮಾತುಗಾರ ಒಂದೇ ಪದ ಹೇಳಬಹುದು, ಅವನು ‘ನೀಲಿ’ ಅಂದ. ಯಾವುದು?

ಅಕ್ಷರಶಃ ಕೇಳುವವನಿಗೆ ನೀಲಿ ಚೌಕ, ನೀಲಿ ವೃತ್ತ ಎರಡೂ ಸಮ, ತಲಾ 1/2. ಈಗ ಈ ಕೇಳುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಪದ ಆರಿಸುವ ಮಾತುಗಾರನನ್ನು ಊಹಿಸಿ. ನೀಲಿ ಚೌಕವನ್ನು ಹೇಳಬೇಕಿದ್ದರೆ ಅವನಿಗಿರುವ ಪದ ‘ನೀಲಿ’ ಮತ್ತು ‘ಚೌಕ’, ಎರಡರ ಫಲವೂ (ಕೇಳುಗ ಸರಿಯಾದ ವಸ್ತುವನ್ನೇ ಹಿಡಿಯುವ ಸಾಧ್ಯತೆ) 1/2. ಹಾಗಾಗಿ ‘ನೀಲಿ’ ಅನ್ನುವ ಸಾಧ್ಯತೆ 1/2. ನೀಲಿ ವೃತ್ತವನ್ನು ಹೇಳಬೇಕಿದ್ದರೆ ‘ನೀಲಿ’ಯ ಫಲ 1/2, ‘ವೃತ್ತ’ದ ಫಲ 1. ಫಲದ ಅನುಪಾತದಲ್ಲೇ ಪದ ಆರಿಸುವುದರಿಂದ ‘ನೀಲಿ’ ಅನ್ನುವ ಸಾಧ್ಯತೆ 1/3ಕ್ಕೆ ಇಳಿಯುತ್ತದೆ. ಇಂಥ ಮಾತುಗಾರನನ್ನು ಊಹಿಸಿ ಹಿಂದಕ್ಕೆ ತರ್ಕಿಸುವ ಕೇಳುಗನಿಗೆ 1/2 ಮತ್ತು 1/3ರ ಅನುಪಾತ ಸಿಗುತ್ತದೆ: ಚೌಕಕ್ಕೆ ಶೇ. 60, ವೃತ್ತಕ್ಕೆ ಶೇ. 40. ‘ವೃತ್ತ ಅನ್ನಬಹುದಿತ್ತು, ಅನ್ನಲಿಲ್ಲ’ ಎಂಬುದೇ ಈ ಶೇ. 10ರ ಏರಿಕೆ.

ಲೆಕ್ಕ ಚೆಂದ, ಆದರೆ ಎರಡು ತಿರುಪುಗಳು ಅದರೊಳಗಿವೆ. ಏನೂ ಹೇಳದಿದ್ದಾಗಲೇ ಯಾವ ವಸ್ತು ಕಣ್ಣಿಗೆ ಹೊಡೆಯುತ್ತದೆ ಎಂಬುದು ಮೊದಲನೆಯದು. ದುಂಡಗಿನದು ಒಂದೇ ಇದೆಯಲ್ಲ, ಅದರ ಸೆಳೆತ ಎರಡರಷ್ಟು ಎಂದು ಹಾಕಿದರೆ ಉತ್ತರ ಶೇ. 43ಕ್ಕೆ ಶೇ. 57 ಆಗಿ ವೃತ್ತವೇ ಗೆಲ್ಲುತ್ತದೆ. ಫ್ರ್ಯಾಂಕ್ ಮತ್ತು ಗುಡ್‌ಮನ್ ಇದನ್ನು ಊಹೆಗೆ ಬಿಡದೆ, ಮಾತುಗಾರ ನಿಮಗೆ ಗೊತ್ತಿಲ್ಲದ ಪದ ಬಳಸಿದ ಎಂದು ಹೇಳಿ ಬೇರೆ ಗುಂಪಿನಿಂದ ಅಳೆಸಿದ್ದರು. ಮಾಡಬೇಕಾದದ್ದೇ ಹಾಗೆ. ಎರಡನೆಯ ತಿರುಪು ಮಾತುಗಾರನ ವಿವೇಕದ ಪ್ರಮಾಣ. ಫಲವನ್ನು ನಾಲ್ಕನೆಯ ಘಾತಕ್ಕೆ ಏರಿಸಿದರೆ ಶೇ. 60 ಇದ್ದದ್ದು ಶೇ. 89 ಆಗುತ್ತದೆ. ಈ ಅಂಕಿಯನ್ನು ದತ್ತಾಂಶಕ್ಕೆ ಹೊಂದುವಂತೆ ಆಮೇಲೆ ತಿರುಗಿಸಿದವರು ತಮ್ಮ ಮಾದರಿ ‘ಭವಿಷ್ಯ ನುಡಿಯಿತು’ ಎಂದು ಬರೆದರೆ ನಂಬಬೇಕಿಲ್ಲ. ಒಂದು ಪ್ರಯೋಗದಲ್ಲಿ ನಿಗದಿಯಾದ ಅಂಕಿ ಇನ್ನೊಂದರಲ್ಲೂ ನಿಲ್ಲುತ್ತದೆಯೇ ಎಂದು ಕೇಳಬೇಕು.

ಎರಡನೆಯ ಬಗೆ, ಪಠ್ಯರಾಶಿಯಿಂದ ಅರ್ಥವನ್ನು ಹಿಂಡುವುದು. ಪದದ ಅರ್ಥ ಅದರ ಸಹವಾಸದಲ್ಲಿದೆ ಎಂಬ ಐವತ್ತರ ದಶಕದ ವಿಚಾರವನ್ನು ಅಕ್ಷರಶಃ ಜಾರಿಗೆ ತಂದು, ಪ್ರತಿ ಪದದ ಆಚೀಚೆ ಐದೈದು ಪದ ಎಣಿಸಿ ಒಂದು ಸಂಖ್ಯಾಪಟ್ಟಿ ಮಾಡುತ್ತಾರೆ, ಎರಡು ಪಟ್ಟಿಗಳ ನಡುವಿನ ಕೋನ ಸಣ್ಣದಿದ್ದಷ್ಟೂ ಅರ್ಥ ಹತ್ತಿರ ಎನ್ನುತ್ತಾರೆ. 2013ರಲ್ಲಿ ಬಂದ ವರ್ಡ್‌ಟುವೆಕ್ ಇದನ್ನು ಎಣಿಸುವ ಬದಲು ಊಹಿಸಿ ಕಲಿಯುತ್ತದೆ, ತತ್ತ್ವ ಅದೇ. ಇದರ ಹುಟ್ಟುಗುಣ ಒಂದಿದೆ: ‘ಬಿಸಿ’ ಮತ್ತು ‘ತಣ್ಣನೆ’ ಒಂದೇ ಬಗೆಯ ಸಹವಾಸದಲ್ಲಿ ಓಡಾಡುವುದರಿಂದ ವಿರುದ್ಧಪದಗಳು ಪಕ್ಕಪಕ್ಕದಲ್ಲೇ ಕೂರುತ್ತವೆ. ಕನ್ನಡದಲ್ಲಿ ಇನ್ನೊಂದು ಪೆಟ್ಟು. ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದಲೂ, ಮನೆಗಳಲ್ಲಿಯೇ ಎಲ್ಲ ಬೇರೆಬೇರೆ ಪದಗಳೆಂದು ಎಣಿಕೆಯಾಗಿ, ಇದ್ದ ಸಣ್ಣ ರಾಶಿಯೂ ಚೂರಾಗುತ್ತದೆ. ಫಾಸ್ಟ್‌ಟೆಕ್ಸ್ಟ್ ಎಂಬ ತಂತ್ರಾಂಶ ಪದವನ್ನು ಮೂರರಿಂದ ಆರು ಅಕ್ಷರಗಳ ತುಣುಕುಗಳಾಗಿ ಮುರಿದು ಇದನ್ನು ಸ್ವಲ್ಪ ಸರಿಪಡಿಸುತ್ತದೆ. ಆದರೆ ಅದಕ್ಕೆ ‘ಅಕ್ಷರ’ ಎಂದರೆ ಯುನಿಕೋಡ್ ಸಂಕೇತ, ಅಂದರೆ ಲಿಪಿಯ ಒಂದೊಂದು ಗುರುತಿಗೆ ಕಂಪ್ಯೂಟರಿನಲ್ಲಿರುವ ಸಂಖ್ಯೆ. ‘ಕ್ಷ’ ಅದಕ್ಕೆ ಮೂರು ಅಕ್ಷರ, ಒತ್ತಕ್ಷರದ ನಡುವೆಯೇ ಕತ್ತರಿ ಬೀಳಬಹುದು.

ಭಾಷಾ ಮಾದರಿಗಳನ್ನು ಓದುಗನ ಜಾಗದಲ್ಲಿಟ್ಟು ನೋಡುವುದೂ ಒಂದು ಬಳಕೆ. ಮಾದರಿಯು ಒಂದು ಪದಕ್ಕೆ ಕೊಡುವ ಸಂಭವನೀಯತೆ 1/2 ಆದರೆ ಅಚ್ಚರಿಯ ಅಳತೆ 1 ಬಿಟ್, 1/1024 ಆದರೆ 10 ಬಿಟ್. ಓದುವ ಹೊತ್ತು ಈ ಅಳತೆಯೊಂದಿಗೆ ಬಹುಮಟ್ಟಿಗೆ ನೇರ ಗೆರೆಯಲ್ಲಿ ಏರುತ್ತದೆ ಎಂದು ನ್ಯಾಥನಿಯಲ್ ಸ್ಮಿತ್ ಮತ್ತು ರೋಜರ್ ಲೆವಿ 2013ರಲ್ಲಿ ತೋರಿಸಿದರು. ಮಾದರಿ ದೊಡ್ಡದಾದಷ್ಟೂ ಮನುಷ್ಯನಿಗೆ ಹತ್ತಿರವಾಗಬೇಕಲ್ಲವೇ? ಬ್ಯುಂಗ್-ಡೋ ಓ ಮತ್ತು ವಿಲಿಯಂ ಶೂಲರ್ 2023ರಲ್ಲಿ ಕಂಡದ್ದು ಉಲ್ಟಾ: ದೊಡ್ಡ ಮಾದರಿಗಳು ಓದುವ ಹೊತ್ತನ್ನು ಹೆಚ್ಚು ಕೆಟ್ಟದಾಗಿ ಊಹಿಸಿದವು. ಮನುಷ್ಯ ಅಷ್ಟೊಂದು ಓದಿಲ್ಲ, ಓದಿದ್ದನ್ನೆಲ್ಲ ನೆನಪಿಟ್ಟಿಲ್ಲ. ಅವನಿಗೆ ಅಚ್ಚರಿಯಾಗುವ ಅಪರೂಪದ ಹೆಸರು ಯಂತ್ರಕ್ಕೆ ಮಾಮೂಲು.

ಯಂತ್ರಕ್ಕೆ ಅರ್ಥ ತಿಳಿಯುತ್ತದೆಯೇ ಎಂದು ನೋಡಲು ಕಟ್ಟಿದ ಪರೀಕ್ಷೆಗಳಲ್ಲೂ ಹಳೆಯ ರೋಗವೇ. 2015ರ ಎಸ್‌ಎನ್‌ಎಲ್‌ಐ ಸಂಗ್ರಹದಲ್ಲಿ ಸುಮಾರು 5,70,000 ವಾಕ್ಯಜೋಡಿಗಳಿವೆ. ಮೊದಲ ವಾಕ್ಯ ನಿಜವಾದರೆ ಎರಡನೆಯದು ನಿಜವೋ, ಸುಳ್ಳೋ, ಹೇಳಲಾಗದೋ ಎಂದು ತೀರ್ಮಾನಿಸಬೇಕು, ಕಣ್ಣುಮುಚ್ಚಿ ಹೇಳಿದರೆ ಮೂರರಲ್ಲೊಂದು ಸರಿ. ಸುಚಿನ್ ಗುರುರಂಗನ್ ಮತ್ತು ಸಂಗಡಿಗರು 2018ರಲ್ಲಿ ಮೊದಲ ವಾಕ್ಯವನ್ನು ಮುಚ್ಚಿಟ್ಟು ಎರಡನೆಯದನ್ನಷ್ಟೇ ತೋರಿಸಿ ತರಬೇತಿ ಕೊಟ್ಟ ಮಾದರಿ ಶೇ. 67ರಷ್ಟು ಸರಿ ಹೇಳಿತು. ವಾಕ್ಯ ಬರೆದವರು ‘ಸುಳ್ಳು’ ವಾಕ್ಯ ಬೇಕೆಂದಾಗ ‘ಯಾರೂ ಇಲ್ಲ’, ‘ಮಲಗಿದ್ದಾರೆ’ ಎಂಬಂಥ ಸುಲಭದ ಪದಗಳಿಗೆ ಕೈಹಾಕಿದ್ದರು. ಯಂತ್ರ ಕಲಿತದ್ದು ಅವರ ಸೋಮಾರಿತನವನ್ನು.

ಕನ್ನಡದಲ್ಲಿ ಇಂಥ ಪರೀಕ್ಷೆ ಕಟ್ಟುವವರು ಇಂಗ್ಲಿಷಿನದನ್ನು ಅನುವಾದಿಸುವ ಬದಲು ಜೋಡಿಗಳನ್ನು ಕನ್ನಡದಲ್ಲೇ ಹುಟ್ಟಿಸುವುದು ಲೇಸು: ‘ಯಾರೂ ಬರಲಿಲ್ಲ’ ಸರಿ, ‘ಯಾರೂ ಬಂದರು’ ತಪ್ಪು. ‘ಪುಸ್ತಕ’ ಎದುರಿಗೆ ‘ಪುಸ್ತಕವನ್ನು’, ‘ಕುಣಿ’ ಎದುರಿಗೆ ‘ಕುಣಿಸು’. ಮಾದರಿ ಸರಿಯಾದ ರೂಪಕ್ಕೆ ಹೆಚ್ಚು ಸಂಭವನೀಯತೆ ಕೊಡುತ್ತದೆಯೇ ನೋಡಿ. ಹೋಲಿಸುವಾಗ ಒಂದು ಎಚ್ಚರ: ಕನ್ನಡದ ಒಂದೊಂದು ಯುನಿಕೋಡ್ ಸಂಕೇತಕ್ಕೂ ಯುಟಿಎಫ್-8ರಲ್ಲಿ (ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಕ್ರಮದಲ್ಲಿ) 3 ಬೈಟ್ ಬೇಕು, ‘ಕ್ಷ’ ಒಂದಕ್ಕೇ 9. ಕನ್ನಡ ಹೆಚ್ಚು ಕಂಡಿರದ ಮಾದರಿಗಳು ಪದವನ್ನು ಇಂಥ ಬೈಟುಗಳ ಮಟ್ಟಕ್ಕೇ ಪುಡಿಮಾಡುತ್ತವೆ. ಚೂರು ಹೆಚ್ಚಿದ್ದಷ್ಟೂ ಗುಣಿಸಬೇಕಾದ ಸಂಭವನೀಯತೆಗಳು ಹೆಚ್ಚು, ಒಟ್ಟು ಮೊತ್ತ ಕಡಿಮೆ. ಹಾಗಾಗಿ ‘ಪುಸ್ತಕವನ್ನು’ ಸೋತರೆ ಅದು ವಿಭಕ್ತಿಯ ಅರ್ಥದಿಂದಲೋ ಉದ್ದದಿಂದಲೋ ಗೊತ್ತಾಗುವುದಿಲ್ಲ. ಜೋಡಿಯ ಎರಡೂ ಬದಿಯ ಚೂರುಗಳನ್ನು ಎಣಿಸಿ ಸಮವಿರುವಂಥವನ್ನೇ ಇಟ್ಟುಕೊಳ್ಳಿ. ಅದು ಆಗದಿದ್ದರೆ ಬದಲಾದ ಪದವನ್ನು ಬಿಟ್ಟು, ಅದರ ನಂತರ ಎರಡರಲ್ಲೂ ಒಂದೇ ಆಗಿ ಬರುವ ಪದದ ಸಂಭವನೀಯತೆಯನ್ನು ಮಾತ್ರ ಹೋಲಿಸಿ.